ಹೈ ಕಿಕ್ ಬರಬೇಕೆ? ಗೋಡೆ ಮೇಲೆ ಎರಡು ಗುರುತು ಹಾಕಿ ಶುರು ಮಾಡಿ

"ಒಂದು ವರ್ಷದಿಂದ ದಿನಾ ಸ್ಟ್ರೆಚ್ ಮಾಡ್ತಿದ್ದೀನಿ. ಕಿಕ್ ಇನ್ನೂ ಸೊಂಟ ದಾಟ್ತಿಲ್ಲ. ಏನು ಮಾಡ್ಲಿ?" ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಟೇಕ್ವಾಂಡೋ ಕಲಿಯುವವರು ಕೇಳುತ್ತಾರೆ, ಕರಾಟೆಯವರು ಕೇಳುತ್ತಾರೆ. ನಲವತ್ತು ದಾಟಿದ ಮೇಲೆ ಕ್ಲಾಸಿಗೆ ಸೇರಿದವರು ಸ್ವಲ್ಪ ಹಿಂಜರಿದುಕೊಂಡೇ ಕೇಳುತ್ತಾರೆ. ಆಸೆ ಇರುವುದು ಸಹಜ. ಟೇಕ್ವಾಂಡೋ ಸ್ಪರ್ಧೆಯಲ್ಲಿ ಮೈ ತಿರುಗಿಸದೆ ಎದೆಗವಚಕ್ಕೆ ಹೊಡೆದ ಕಿಕ್‌ಗೆ 2 ಅಂಕ, ತಲೆಗೆ ಬಿದ್ದರೆ 3, ಮೈ ತಿರುಗಿಸಿ ತಲೆಗೆ ಹೊಡೆದರೆ 5. ಕರಾಟೆ ಕುಮಿತೆಯಲ್ಲೂ, ಅಂದರೆ ಇಬ್ಬರು ಎದುರುಬದುರಾಗಿ ಆಡುವ ಪಂದ್ಯದಲ್ಲೂ, ಹೊಟ್ಟೆ, ಎದೆಗೆ ಬಿದ್ದ ಕಿಕ್‌ಗಿಂತ ತಲೆಗೆ ಬಿದ್ದದ್ದಕ್ಕೆ ಒಂದು ಅಂಕ ಜಾಸ್ತಿ.

ಆದರೆ ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಕಾಲು ಬಾಗುವುದೇ ಬೇರೆ, ಅದನ್ನು ಅಷ್ಟು ಎತ್ತರಕ್ಕೆ ಸ್ವಂತ ಬಲದಿಂದ ಎತ್ತುವುದೇ ಬೇರೆ. ನೆಲದ ಮೇಲೆ ಎರಡೂ ಕಾಲು ಪೂರ್ತಿ ಅಗಲಿಸಿ ಆರಾಮಾಗಿ ಸ್ಪ್ಲಿಟ್ ಹಾಕುವವರು ಎದ್ದು ನಿಂತು ಕಿಕ್ ಮಾಡಿದರೆ ಎದೆಮಟ್ಟದಲ್ಲೇ ನಿಂತುಬಿಡುವುದನ್ನು ನೀವೂ ನೋಡಿರುತ್ತೀರಿ, ಅಲ್ವಾ? ಅಂಥವರು ಇನ್ನೂ ಒಂದು ವರ್ಷ ಸ್ಟ್ರೆಚ್ ಮಾಡಿದರೂ ಕಿಕ್ ಮೇಲೇರುವುದು ಕಷ್ಟ. ಅವರಿಗೆ ಕಡಿಮೆ ಇರುವುದು ಬಲ. ಹಾಗಾಗಿ ನಿಮ್ಮಲ್ಲಿ ಯಾವುದು ಕಡಿಮೆ ಇದೆ ಅನ್ನುವುದನ್ನು ಮೊದಲು ಕಂಡುಕೊಳ್ಳಬೇಕು.

ಏನೇನು ಬೇಕು

ಖಾಲಿ ಗೋಡೆ, ಚಾಕ್‌ಪೀಸ್ ಅಥವಾ ಬಣ್ಣದ ಟೇಪು, ಅಲುಗಾಡದ ಕುರ್ಚಿ, ಮ್ಯಾಟ್, ಉದ್ದನೆಯ ಟವಲ್ಲು, ನೀರಿನ ಬಾಟಲಿ. ಇಷ್ಟೇ. ಕಾಲು ಅಗಲಿಸುವ ಯಂತ್ರ ಬೇಡ. ಅದು ಕಾಲನ್ನು ಎಳೆಯುತ್ತದೆ, ಎತ್ತುವುದನ್ನು ಕಲಿಸುವುದಿಲ್ಲ. ವಾರಕ್ಕೆ 4 ದಿನ, ದಿನಕ್ಕೆ 30 ನಿಮಿಷ ಎತ್ತಿಡಿ.

ಸೊಂಟ ಅಥವಾ ಮಂಡಿಯ ಆಪರೇಶನ್ ಆಗಿದ್ದರೆ, ಬೆನ್ನಿನ ಡಿಸ್ಕ್ ತೊಂದರೆ ಇದ್ದರೆ, ಗರ್ಭಿಣಿಯಾಗಿದ್ದರೆ ಮೊದಲು ಡಾಕ್ಟರ್ ಹತ್ತಿರ ಮಾತಾಡಿ. ಆಮೇಲೆ ಮುಂದುವರಿಯಿರಿ.

ಹಂತ 1: ಎರಡು ಗುರುತು

ಐದು ನಿಮಿಷ ಓಡಾಡಿ ಮೈ ಬೆಚ್ಚಗೆ ಮಾಡಿಕೊಳ್ಳಿ. ಗೋಡೆ ನಿಮ್ಮ ಬಲಕ್ಕೆ ಬರುವ ಹಾಗೆ ನಿಲ್ಲಿ. ಎಡಗೈಯಲ್ಲಿ ಕುರ್ಚಿಯ ಬೆನ್ನು ಹಿಡಿದುಕೊಳ್ಳಿ. ಈಗ ಗೆಳೆಯರೊಬ್ಬರು ನಿಮ್ಮ ಬಲಗಾಲನ್ನು ನೇರವಾಗಿಟ್ಟು ಮುಂದಕ್ಕೆ, ನಿಧಾನವಾಗಿ ಎತ್ತಲಿ. ನಿಮ್ಮ ಬೆನ್ನು ಹಿಂದಕ್ಕೆ ವಾಲಬಾರದು, ನಿಂತ ಕಾಲಿನ ಮಂಡಿ ಮಡಚಬಾರದು. ಎಳೆತ ಗೊತ್ತಾಗುವ ಕಡೆ "ಸಾಕು" ಅನ್ನಿ. ಹಿಮ್ಮಡಿ ಇರುವ ಎತ್ತರಕ್ಕೆ ಗೋಡೆ ಮೇಲೆ ಒಂದು ಗೆರೆ ಎಳೆಯಿರಿ. ಕಾಲು ಇಳಿಸಿ, ಒಂದು ನಿಮಿಷ ಬಿಟ್ಟು, ಅದೇ ಕಾಲನ್ನು ಈಗ ನೀವೇ ಎತ್ತಿ. ಬೀಸಬೇಡಿ, ನಿಧಾನವಾಗಿ ಎತ್ತಿ ಎರಡು ಸೆಕೆಂಡ್ ನಿಲ್ಲಿಸಿ. ಅಲ್ಲಿ ಎರಡನೇ ಗೆರೆ.

ಇದೇ ರೀತಿ ಗೋಡೆಗೆ ಬೆನ್ನು ಮಾಡಿ ನಿಂತು, ಕಾಲನ್ನು ಪಕ್ಕಕ್ಕೆ ಎತ್ತಿ ಅಳೆಯಿರಿ. ಎಡಗಾಲಿಗೂ ಬೇರೆಯಾಗಿ ಅಳತೆ ಬೇಕು. ಗೆರೆ ಪಕ್ಕದಲ್ಲಿ ತಾರೀಖು ಬರೆಯಿರಿ.

ಮೇಲಿನ ಗೆರೆ ನಿಮ್ಮ ಕಾಲು ಎಷ್ಟು ಹೋಗಬಲ್ಲದು ಅನ್ನುವುದನ್ನು ಹೇಳುತ್ತದೆ. ಕೆಳಗಿನದು ನೀವು ಎಷ್ಟು ಎತ್ತಬಲ್ಲಿರಿ ಅನ್ನುವುದನ್ನು. ಎರಡರ ನಡುವೆ ಒಂದು ಗೇಣಿಗಿಂತ ಜಾಸ್ತಿ ಅಂತರ ಇದ್ದರೆ ಹಂತ 6ಕ್ಕೆ ನಿಮ್ಮ ಹೆಚ್ಚಿನ ಸಮಯ ಹೋಗಬೇಕು. ಎರಡೂ ಗೆರೆ ಹತ್ತಿರ ಹತ್ತಿರ ಇದ್ದು, ಎರಡೂ ಕೆಳಗೇ ಇದ್ದರೆ ಹಂತ 5. ಇದು ಕಲಿಸುತ್ತಾ ನಾನು ಕಂಡುಕೊಂಡ ಲೆಕ್ಕ, ಒರಟು ಲೆಕ್ಕ, ಆದರೆ ಕೆಲಸಕ್ಕೆ ಬರುತ್ತದೆ.

ಹಂತ 2: ಯಾವ ಕಿಕ್‌ಗೆ ಎಲ್ಲಿ ಬಿಗಿ

ನೇರ ಕಿಕ್ ತಗೊಳ್ಳಿ. ಕರಾಟೆಯಲ್ಲಿ ಮಾಯೆ ಗೆರಿ, ಟೇಕ್ವಾಂಡೋದಲ್ಲಿ ಆಪ್ ಚಾಗಿ. ಇದನ್ನು ತಡೆಯುವುದು ಹ್ಯಾಮ್‌ಸ್ಟ್ರಿಂಗ್, ಅಂದರೆ ತೊಡೆಯ ಹಿಂಭಾಗದಲ್ಲಿ ಸೀಟಿನ ಮೂಳೆಯಿಂದ ಮಂಡಿಯ ಕೆಳಗಿನ ತನಕ ಇಳಿಯುವ ಸ್ನಾಯುಗಳು. ಇನ್ನೊಂದು ತಡೆ ಬಹಳ ಜನರ ಗಮನಕ್ಕೇ ಬರುವುದಿಲ್ಲ. ಕಾಲು ಮೇಲೆ ಹೋದಂತೆ ಸೊಂಟ ಹಿಂದಕ್ಕೆ ಮಗುಚಬೇಕು. ನಿಂತ ಕಾಲಿನ ಕಡೆ ಸೊಂಟದ ಮುಂಭಾಗ ಬಿಗಿಯಾಗಿದ್ದರೆ ಅದು ಮಗುಚಲು ಬಿಡುವುದಿಲ್ಲ. ದಿನವಿಡೀ ಕುರ್ಚಿಯಲ್ಲಿ ಕೂತು ಕೆಲಸ ಮಾಡುವವರು ಇಲ್ಲಿ ಮೊದಲು ನೋಡಿಕೊಳ್ಳಿ.

ಪಕ್ಕದಿಂದ ಸುತ್ತಿ ಬಂದು ಬೀಳುವ ರೌಂಡ್‌ಹೌಸ್ ಕಿಕ್, ಅಂದರೆ ಮವಾಶಿ ಗೆರಿ ಅಥವಾ ಡೊಲ್ಯೊ ಚಾಗಿ, ಮತ್ತು ಕಾಲನ್ನು ಪಕ್ಕಕ್ಕೆ ನೇರ ಚಾಚುವ ಸೈಡ್ ಕಿಕ್, ಅಂದರೆ ಯೊಕೊ ಗೆರಿ ಅಥವಾ ಯೊಪ್ ಚಾಗಿ, ಇವೆರಡಕ್ಕೂ ಒಳತೊಡೆಯ ಸ್ನಾಯುಗಳು ಸಡಿಲ ಆಗಬೇಕು. ಇವನ್ನು ಅಡಕ್ಟರ್ ಅನ್ನುತ್ತಾರೆ. ಎರಡೂ ತೊಡೆಯನ್ನು ಹತ್ತಿರಕ್ಕೆ ಎಳೆಯುವುದು ಇವುಗಳ ಕೆಲಸ. ಜೊತೆಗೆ ಸೊಂಟದ ಕೀಲು ಸರಿಯಾಗಿ ತಿರುಗಬೇಕು. ಅದಕ್ಕೇ ಮುಂದಿನ ಹಂತ.

ಹಂತ 3: ನಿಂತ ಕಾಲು ತಿರುಗಲಿ

ಇದನ್ನು ಸ್ಟ್ರೆಚಿಂಗ್‌ಗಿಂತ ಮುಂಚೆ ಇಟ್ಟಿದ್ದೇನೆ, ಯಾಕೆಂದರೆ ಇದರ ಫಲ ಇವತ್ತೇ ಕಾಣುತ್ತದೆ.

ಕುರ್ಚಿ ಹಿಡಿದು ನಿಂತು, ಎರಡೂ ಪಾದದ ಬೆರಳು ಮುಂದಕ್ಕೇ ಇರುವಂತೆ ಇಟ್ಟುಕೊಂಡು, ಬಲಗಾಲನ್ನು ಪಕ್ಕಕ್ಕೆ ಎತ್ತಿ. ಒಂದು ಮಟ್ಟಕ್ಕೆ ಹೋಗಿ ಗಕ್ಕನೆ ನಿಲ್ಲುತ್ತದೆ. ಸ್ನಾಯು ಎಳೆದ ಅನುಭವ ಜಾಸ್ತಿ ಇಲ್ಲ, ಬಾಗಿಲು ಚೌಕಟ್ಟಿಗೆ ತಗುಲಿದ ಹಾಗೆ ಅನಿಸುತ್ತದೆ. ತೊಡೆಮೂಳೆಯ ಮೇಲ್ತುದಿಯಲ್ಲಿ ಹೊರಗಡೆಗೆ ಒಂದು ಗುಬುಟು ಇದೆ. ಕಾಲು ನೇರ ಪಕ್ಕಕ್ಕೆ ಎದ್ದಾಗ ಆ ಭಾಗ ಸೊಂಟದ ಮೂಳೆಯ ಹತ್ತಿರ ಬಂದು ದಾರಿ ಅಡ್ಡಗಟ್ಟುತ್ತದೆ.

ಈಗ ಕಾಲು ಇಳಿಸಿ. ನಿಂತ ಎಡಗಾಲಿನ ಹಿಮ್ಮಡಿಯನ್ನು ಬಲಗಡೆಗೆ, ಅಂದರೆ ಎದುರಾಳಿ ಇರುವ ಕಡೆಗೆ ತಿರುಗಿಸಿ. ಮೈ ಸ್ವಲ್ಪ ಆಚೆ ವಾಲಲಿ. ಬಾಲದ ಮೂಳೆಯನ್ನು ಹಿಂದಕ್ಕೆ ತಳ್ಳಿ, ಸೊಂಟ ಸ್ವಲ್ಪ ಮುಂದಕ್ಕೆ ಬಾಗಲಿ. ಮತ್ತೆ ಅದೇ ಕಾಲನ್ನು ಎತ್ತಿ. ಆಗ ನಿಂತಿದ್ದ ಮಟ್ಟವನ್ನು ಕಾಲು ಸಲೀಸಾಗಿ ದಾಟುತ್ತದೆ. ನಡುವೆ ನೀವು ಒಂದೂ ಸ್ಟ್ರೆಚ್ ಮಾಡಿಲ್ಲ. ಸೊಂಟ ದಾರಿ ಬಿಟ್ಟಿತು, ಅಷ್ಟೇ.

ಕ್ಲಾಸಿನಲ್ಲಿ ಮಾಸ್ಟರ್ "ಪಿವಟ್, ಪಿವಟ್" ಅಂತ ಕೂಗುವುದು ಇದಕ್ಕೇ. ಪಿವಟ್ ಅಂದರೆ ನಿಂತ ಪಾದ ಜಾಗದಲ್ಲೇ ತಿರುಗುವುದು. ಸೈಡ್ ಕಿಕ್‌ನಲ್ಲಿ ಹಿಮ್ಮಡಿ ಪೂರ್ತಿ ಎದುರಾಳಿಯ ಕಡೆ ನೋಡಬೇಕು. ರೌಂಡ್‌ಹೌಸ್‌ನಲ್ಲಿ ಕಡಿಮೆ ಅಂದರೂ 90 ಡಿಗ್ರಿ ತಿರುಗಬೇಕು, ತಲೆಯೆತ್ತರಕ್ಕೆ ಹೊಡೆಯುವಾಗ ಇನ್ನೂ ಜಾಸ್ತಿ.

ಎಚ್ಚರಿಕೆ: ತಿರುಗುವಾಗ ಹಿಮ್ಮಡಿ ನೆಲದಿಂದ ಸ್ವಲ್ಪ ಎದ್ದು, ಭಾರ ಪಾದದ ಮುಂಭಾಗದ ಮೇಲಿರಲಿ. ಪಾದ ನೆಲಕ್ಕೆ ಅಂಟಿಕೊಂಡೇ ಇದ್ದು ಮೈ ಮಾತ್ರ ತಿರುಗಿದರೆ ಆ ತಿರುಚು ಪೂರ್ತಿ ಮಂಡಿಯ ಮೇಲೆ ಬೀಳುತ್ತದೆ. ಹಿಡಿತ ಜಾಸ್ತಿ ಇರುವ ಶೂ ಹಾಕಿಕೊಂಡು ಕಿಕ್ ಅಭ್ಯಾಸ ಮಾಡುವವರು ಇದನ್ನು ವಿಶೇಷವಾಗಿ ನೋಡಿಕೊಳ್ಳಿ.

ಇನ್ನೊಂದು ಮಾತು ಚೇಂಬರ್ ಬಗ್ಗೆ. ಚೇಂಬರ್ ಅಂದರೆ ಕಿಕ್ ಬಿಡುವ ಮುಂಚೆ ಮಂಡಿ ಮಡಚಿ ಮೇಲಕ್ಕೆತ್ತಿದ ಭಂಗಿ. ಮಂಡಿ ಎದೆಮಟ್ಟಕ್ಕೆ ಬರದೇ ಪಾದ ತಲೆಮಟ್ಟಕ್ಕೆ ಹೋಗಬೇಕೆಂದರೆ ಕಾಲನ್ನು ಎಸೆಯಬೇಕಾಗುತ್ತದೆ. ಎಸೆದ ಕಾಲಿನ ಮೇಲೆ ನಿಮಗೆ ಹಿಡಿತ ಇರುವುದಿಲ್ಲ. ಮೊದಲು ಮಂಡಿ ಏಳಲಿ.

ಹಂತ 4: ಮೈ ಬಿಸಿ ಮಾಡುವುದು

ತಣ್ಣಗಿರುವ ಮೈಯನ್ನು ನೇರ ಸ್ಪ್ಲಿಟ್‌ಗೆ ಇಳಿಸುವುದು ದೊಡ್ಡ ತಪ್ಪು. 5ರಿಂದ 8 ನಿಮಿಷ ಸ್ಕಿಪ್ಪಿಂಗ್ ಅಥವಾ ನಿಂತಲ್ಲೇ ಓಟ, ಸಣ್ಣಗೆ ಬೆವರು ಒಡೆಯುವ ತನಕ. ಆಮೇಲೆ ಮಂಡಿ ಎತ್ತಿ ಸೊಂಟದ ಕೀಲನ್ನು ಎರಡೂ ದಿಕ್ಕಿಗೆ ವೃತ್ತಾಕಾರವಾಗಿ ತಿರುಗಿಸಿ, 8 ಸಲ.

ಮುಂದಿನದು ಕಾಲು ಬೀಸುವುದು. ಕುರ್ಚಿ ಹಿಡಿದು ಕಾಲನ್ನು ಮುಂದೆ 10ರಿಂದ 12 ಸಲ, ಪಕ್ಕಕ್ಕೆ ಅಷ್ಟೇ ಸಲ. ಮೊದಲ ಬೀಸು ಮಂಡಿಮಟ್ಟದಲ್ಲಿರಲಿ, ಪ್ರತಿ ಬೀಸಿಗೂ ಸ್ವಲ್ಪ ಸ್ವಲ್ಪ ಏರಿಸಿ. ಎರಡು ಅಥವಾ ಮೂರು ಸುತ್ತು ಸಾಕು. ಕಾಲು ಹೋಗುವಷ್ಟೇ ಹಿಡಿತದಿಂದ ವಾಪಸ್ ಬರಬೇಕು. ಬೀಸಿದ ರಭಸಕ್ಕೆ ಬೆನ್ನು ಗೂನಾದರೆ ಎತ್ತರ ಇಳಿಸಿ. ಸ್ನಾಯುವಿನೊಳಗೆ ಎಳೆತವನ್ನು ಗುರುತಿಸುವ ಸಣ್ಣ ಸಣ್ಣ ತಂತುಗಳಿವೆ. ರಪ್ಪನೆ ಎಳೆದರೆ ಅವು ಗಾಬರಿಯಾಗಿ ಸ್ನಾಯುವನ್ನು ಇನ್ನೂ ಬಿಗಿ ಮಾಡುತ್ತವೆ. ನಿಧಾನಕ್ಕೆ ಏರಿಸುವುದು ಇದಕ್ಕೇ.

ಕಿಕ್ ಅಭ್ಯಾಸಕ್ಕೆ ಮುಂಚೆ ಒಂದೊಂದು ನಿಮಿಷಕ್ಕಿಂತ ಜಾಸ್ತಿ ಹಿಡಿಯುವ ಸ್ಟ್ರೆಚ್ ಮಾಡಬೇಡಿ. ಅದರಿಂದ ಸ್ನಾಯುವಿನ ಸಿಡಿಯುವ ಶಕ್ತಿ ಸ್ವಲ್ಪ ಹೊತ್ತು ಕಡಿಮೆಯಾಗುತ್ತದೆ. ಉದ್ದ ಸ್ಟ್ರೆಚ್ ಏನಿದ್ದರೂ ಕಿಕ್ ಮುಗಿದ ಮೇಲೆ.

ಹಂತ 5: ನಿಧಾನ ಸ್ಟ್ರೆಚ್

ಅಭ್ಯಾಸ ಮುಗಿದು ಮೈ ಇನ್ನೂ ಬೆಚ್ಚಗಿರುವಾಗ ಇವನ್ನು ಮಾಡಿ. ಒಂದೊಂದನ್ನೂ 30 ಸೆಕೆಂಡ್, ಎರಡರಿಂದ ಮೂರು ಸಲ, ಎರಡೂ ಕಡೆ.

ಸೊಂಟದ ಮುಂಭಾಗಕ್ಕೆ: ಬಲ ಮಂಡಿಯನ್ನು ಮ್ಯಾಟ್ ಮೇಲೆ ಊರಿ, ಎಡಪಾದ ಮುಂದಿಡಿ. ಬಲಗಡೆಯ ಸೀಟನ್ನು ಗಟ್ಟಿಯಾಗಿ ಬಿಗಿ ಹಿಡಿಯಿರಿ. ಹಾಗೆ ಬಿಗಿ ಹಿಡಿದೇ ಒಂದೆರಡು ಇಂಚು ಮುಂದೆ ಸರಿಯಿರಿ. ಸೀಟು ಬಿಗಿ ಮಾಡದೆ ಸುಮ್ನೆ ಮುಂದೆ ಜೋತುಬಿದ್ದರೆ ನಡು ಬಗ್ಗುತ್ತದೆ, ಸೊಂಟ ಅಲ್ಲೇ ಇರುತ್ತದೆ.

ತೊಡೆಯ ಹಿಂಭಾಗಕ್ಕೆ: ಅಂಗಾತ ಮಲಗಿ, ಟವಲ್ಲನ್ನು ಪಾದಕ್ಕೆ ಸುತ್ತಿ ಕಾಲನ್ನು ಮೇಲಕ್ಕೆ ತನ್ನಿ. ಮಂಡಿ ಸ್ವಲ್ಪ ಮಡಚಿದ್ದರೂ ಚಿಂತೆ ಇಲ್ಲ. ಎಳೆತ ತೊಡೆಯ ನಡುಭಾಗದಲ್ಲಿ ಇರಬೇಕು. ಮಂಡಿಯ ಹಿಂದೆ ಅಥವಾ ಪಾದದಲ್ಲಿ ಜುಮ್ಮೆಂದರೆ ಎಳೆಯುತ್ತಿರುವುದು ನರ. ನರವನ್ನು ಎಳೆದು ಹಿಡಿಯಬಾರದು. ಪಾದದ ಬೆರಳುಗಳನ್ನು ಸಡಿಲ ಬಿಟ್ಟು ಕಾಲು ಸ್ವಲ್ಪ ಇಳಿಸಿ.

ಸೀಟಿಗೆ: ಅಂಗಾತ ಮಲಗಿ ಎರಡೂ ಮಂಡಿ ಮಡಚಿ, ಬಲ ಕಣಕಾಲನ್ನು ಎಡ ತೊಡೆಯ ಮೇಲಿಟ್ಟು, ಎಡ ತೊಡೆಯನ್ನು ಎದೆ ಕಡೆ ಎಳೆದುಕೊಳ್ಳಿ.

ಒಳತೊಡೆಗೆ ಎರಡು ಬೇಕು, ಒಂದು ಮಂಡಿ ಮಡಚಿ, ಒಂದು ಮಂಡಿ ನೇರ ಇಟ್ಟು. ಅಡಕ್ಟರ್‌ಗಳಲ್ಲಿ ಗ್ರಾಸಿಲಿಸ್ ಅನ್ನುವ ತೆಳ್ಳಗಿನ ಸ್ನಾಯು ಮಾತ್ರ ಮಂಡಿ ದಾಟಿ ಕೆಳಗಿಳಿಯುತ್ತದೆ. ಮಂಡಿ ನೇರ ಮಾಡದಿದ್ದರೆ ಅದಕ್ಕೆ ಎಳೆತ ಸರಿಯಾಗಿ ಸಿಗುವುದಿಲ್ಲ. ನೇರ ಕಾಲಿಗೆ: ಗೋಡೆಗೆ ಸೀಟು ತಾಗಿಸಿ ಅಂಗಾತ ಮಲಗಿ, ಎರಡೂ ಕಾಲು ಗೋಡೆ ಮೇಲೆ ಚಾಚಿ, ತಾವಾಗಿಯೇ ಅಗಲವಾಗಲು ಬಿಡಿ. ಮಡಚಿದ ಕಾಲಿಗೆ ಕಪ್ಪೆ ಭಂಗಿ: ಅಂಬೆಗಾಲಿನಲ್ಲಿ ನಿಂತು, ಮಂಡಿಗಳನ್ನು ಅಗಲಿಸಿ, ಪಾದ ಮಂಡಿಯ ನೇರಕ್ಕೇ ಇಟ್ಟು, ಮುಂಗೈ ನೆಲಕ್ಕೂರಿ, ಸೀಟನ್ನು ಹಿಂದಕ್ಕೆ ತಳ್ಳಿ.

ಈ ಕಪ್ಪೆ ಭಂಗಿಯಲ್ಲೇ ಬಿಗಿಹಿಡಿದು ಸಡಿಲಿಸುವ ವಿಧಾನ ಕಲಿಯಿರಿ. ಇದಕ್ಕೆ ಪಿಎನ್‌ಎಫ್ ಅನ್ನುತ್ತಾರೆ. ಇದರ ಮೂಲ 1940ರ ದಶಕದಲ್ಲಿ ವೈದ್ಯ ಹರ್ಮನ್ ಕ್ಯಾಬಟ್ ರೋಗಿಗಳ ಚಿಕಿತ್ಸೆಗೆ ಬೆಳೆಸಿದ ಪದ್ಧತಿ. ಕ್ರೀಡೆಗೆ ಬಂದದ್ದು ಆಮೇಲೆ. ಮಾಡುವುದು ಹೀಗೆ. ಆರಾಮಾಗಿ ಹೋಗುವಷ್ಟು ಹಿಂದೆ ಹೋಗಿ ನಿಲ್ಲಿ. ಈಗ ಎರಡೂ ಮಂಡಿಯನ್ನು ನೆಲಕ್ಕೆ ಒತ್ತಿ, ಮ್ಯಾಟನ್ನು ನಡುವೆ ಸುಕ್ಕು ಮಾಡಿಬಿಡುವ ಹಾಗೆ ಒಳಗೆ ಎಳೆಯಿರಿ. ಮಂಡಿ ಅಲುಗಾಡುವುದಿಲ್ಲ, ಆದರೆ ಒಳತೊಡೆ ಹಗ್ಗದಂತೆ ಸೆಟೆದುಕೊಳ್ಳುತ್ತದೆ. ನಿಮ್ಮ ಅರ್ಧ ಬಲ ಸಾಕು, 8 ಸೆಕೆಂಡ್. ಉಸಿರು ಕಟ್ಟಬೇಡಿ. ಆಮೇಲೆ ಉಸಿರನ್ನು ಉದ್ದಕ್ಕೆ ಬಿಡುತ್ತಾ ಪೂರ್ತಿ ಸಡಿಲ ಬಿಡಿ. ಆ ಉಸಿರಿನ ಜೊತೆಗೇ ಸೀಟು ಒಂದೆರಡು ಬೆರಳಷ್ಟು ಹಿಂದೆ ಸರಿಯುತ್ತದೆ. ಅಲ್ಲಿ 20 ಸೆಕೆಂಡ್. ಹೀಗೆ ಮೂರು ಸುತ್ತು. ವಾರಕ್ಕೆ ಎರಡೇ ದಿನ, ಯಾಕೆಂದರೆ ಇದು ಸ್ನಾಯುವಿಗೆ ನಿಜವಾದ ದುಡಿಮೆ. ಮರುದಿನ ಒಳತೊಡೆ ನೋಯಬಹುದು.

ಜೊತೆಗಾರರು ನಿಮ್ಮ ಮಂಡಿ ಅಥವಾ ಬೆನ್ನಿನ ಮೇಲೆ ಭಾರ ಹಾಕಿ ಒತ್ತುವುದು ಬೇಡವೇ ಬೇಡ. ಚಿಟ್ಟೆ ಭಂಗಿಯಲ್ಲಿ, ಅಂದರೆ ಎರಡೂ ಅಂಗಾಲು ಜೋಡಿಸಿ ಮಂಡಿ ಅಗಲಿಸಿ ಕೂತಿದ್ದಾಗ ಒಬ್ಬರು ಹಿಂದಿನಿಂದ ಮಂಡಿ ಒತ್ತಿದ್ದಕ್ಕೆ ನಾನು ಆರು ವಾರ ಕಿಕ್ ಮಾಡಲಾಗದೆ ಕೂತಿದ್ದೆ. ಅವರ ಉದ್ದೇಶ ಒಳ್ಳೆಯದೇ ಇತ್ತು. ಆದರೆ ನಿಮ್ಮ ಎಳೆತ ಎಷ್ಟು ಅನ್ನುವುದು ಒತ್ತುವವರಿಗೆ ಗೊತ್ತಾಗುವುದಿಲ್ಲ.

ಹಂತ 6: ಎತ್ತುವ ಬಲ

ನಾನು ಎಲ್ಲರಿಗೂ ಒತ್ತಿ ಹೇಳುವುದು ಈ ಹಂತವನ್ನು. ಹೆಚ್ಚಿನವರು ಬಿಟ್ಟುಬಿಡುವುದೂ ಇದನ್ನೇ.

ಬಾಟಲಿ ದಾಟಿಸುವುದು. ನೆಲದ ಮೇಲೆ ಕಾಲು ಚಾಚಿ, ಬೆನ್ನು ನೆಟ್ಟಗೆ ಮಾಡಿ ಕೂರಿ. ಅಂಗೈಗಳನ್ನು ತೊಡೆಯ ಅಕ್ಕಪಕ್ಕ ನೆಲಕ್ಕೂರಿ. ಬಲ ಪಾದದ ಹೊರಗಡೆ ನೀರಿನ ಬಾಟಲಿ ನಿಲ್ಲಿಸಿ. ಮಂಡಿ ಮಡಚದೆ ಕಾಲನ್ನು ಎತ್ತಿ ಬಾಟಲಿಯ ಆಚೆ ಇಡಿ, ಮತ್ತೆ ಎತ್ತಿ ಈಚೆ ತನ್ನಿ. ನೋಡಲು ಸುಲಭ. ನಾಲ್ಕನೇ ಸಲಕ್ಕೆ ತೊಡೆಯ ಮುಂಭಾಗ ಹಿಡಿದುಕೊಂಡು ಬಾಟಲಿ ಉರುಳುತ್ತದೆ. ಶುರುವಿನಲ್ಲಿ ಎಲ್ಲರಿಗೂ ಹೀಗೇ ಆಗುತ್ತದೆ. ಗಿಡ್ಡ ಬಾಟಲಿ ಇಟ್ಟುಕೊಳ್ಳಿ, ಒಂದು ಕಾಲಿಗೆ 6ರಿಂದ 8 ಸಲ, ಎರಡು ಸುತ್ತು. ಸುಲಭ ಆದ ಮೇಲೆ ಕೈಗಳನ್ನು ಮಂಡಿಯ ಕಡೆ ಮುಂದೆ ಸರಿಸಿ, ಕಷ್ಟ ತಾನೇ ಹೆಚ್ಚುತ್ತದೆ. ಹಿಂದಕ್ಕೆ ವಾಲಿ ಎತ್ತಿದರೆ ಲೆಕ್ಕಕ್ಕಿಲ್ಲ.

ಕೈ ಬಿಡುವುದು. ಗೋಡೆ ಪಕ್ಕ ನಿಂತು, ತೊಡೆಯ ಕೆಳಗೆ ಕೈ ಕೊಟ್ಟು ಕಾಲನ್ನು ಮೇಲಿನ ಗೆರೆಯ ಹತ್ತಿರಕ್ಕೆ ಎತ್ತಿ. ಈಗ ಕೈ ತೆಗೆಯಿರಿ. ಕಾಲು ದಿಢೀರನೆ ಕುಸಿಯುತ್ತದೆ. ಎಲ್ಲಿ ನಿಲ್ಲುತ್ತದೋ ಅಲ್ಲಿ 3ರಿಂದ 5 ಸೆಕೆಂಡ್ ಹಿಡಿದು, ನಿಧಾನವಾಗಿ ಇಳಿಸಿ. 5 ಸಲ ಮುಂದಕ್ಕೆ, 5 ಸಲ ಪಕ್ಕಕ್ಕೆ. ವಾರ ಕಳೆದಂತೆ ಕುಸಿಯುವ ಅಂತರ ಕಮ್ಮಿಯಾಗುವುದನ್ನು ಗೋಡೆಯೇ ತೋರಿಸುತ್ತದೆ.

ನಿಧಾನ ಕಿಕ್. ಕುರ್ಚಿ ಹಿಡಿದು ಸೈಡ್ ಕಿಕ್ ಅನ್ನು ಬಿಡಿಬಿಡಿಯಾಗಿ ಮಾಡಿ. ಮಂಡಿ ಎತ್ತಲು ನಾಲ್ಕು ಎಣಿಕೆ, ಚಾಚಲು ನಾಲ್ಕು, ಚಾಚಿ ಹಿಡಿಯಲು ಎರಡು, ಮತ್ತೆ ಮಡಚಲು ನಾಲ್ಕು. 5 ಸಲ. ವೇಗದಲ್ಲಿ ಮುಚ್ಚಿಹೋಗುವ ತಪ್ಪೆಲ್ಲ ಇಲ್ಲಿ ಎದ್ದು ಕಾಣುತ್ತದೆ.

ಇನ್ನೊಂದು, ಪಕ್ಕದ ಸ್ಕ್ವಾಟ್: ಕಾಲು ಅಗಲಿಸಿ ನಿಂತು ಒಂದು ಕಡೆಗೆ ಕುಕ್ಕರಿಸಿ, ಇನ್ನೊಂದು ಕಾಲು ನೇರ. ಒಳತೊಡೆಗೆ ಬಲವೂ ಎಳೆತವೂ ಒಟ್ಟಿಗೆ ಸಿಗುತ್ತದೆ. ಒಂದೊಂದು ಕಡೆ 6 ಸಲ.

ಮೈ ಮೊದಲಿನಿಂದಲೇ ತುಂಬ ಸಡಿಲ ಇರುವವರು ಹಂತ 5 ಅನ್ನು ಅರ್ಧ ಮಾಡಿ, ಆ ಸಮಯವನ್ನು ಇಲ್ಲಿಗೆ ಕೊಡಿ.

ಹಂತ 7: ವಾರದ ಲೆಕ್ಕ

ಎರಡು ದಿನ ಗಟ್ಟಿ ಅಭ್ಯಾಸ: ಮೈ ಬಿಸಿ, ಕಿಕ್, ಹಂತ 6, ಕೊನೆಗೆ ಕಪ್ಪೆ ಭಂಗಿಯಲ್ಲಿ ಪಿಎನ್‌ಎಫ್. ಎರಡು ದಿನ ಹಗುರ ಅಭ್ಯಾಸ: ಮೈ ಬಿಸಿ, ಕಾಲು ಬೀಸುವುದು, ನಿಧಾನ ಸ್ಟ್ರೆಚ್. ಗಟ್ಟಿ ದಿನಗಳ ನಡುವೆ ಒಂದು ದಿನವಾದರೂ ಬಿಡುವಿರಲಿ.

ಮೊದಲ ಕೆಲವು ವಾರದಲ್ಲಿ ಕಾಲು ಬೇಗ ಬೇಗ ಮೇಲೇರಿದ ಹಾಗೆ ಅನಿಸುತ್ತದೆ. ಆಗ ಸ್ನಾಯು ಉದ್ದವಾಗಿರುವುದಿಲ್ಲ, ಎಳೆತವನ್ನು ತಾಳಿಕೊಳ್ಳುವ ಶಕ್ತಿ ಹೆಚ್ಚಿರುತ್ತದೆ. ಆಮೇಲೆ ವೇಗ ತಗ್ಗುತ್ತದೆ. ಅಲ್ಲಿ ಬೇಸರಪಟ್ಟು ಜೋರು ಮಾಡಿದವರೇ ಪೆಟ್ಟು ಮಾಡಿಕೊಳ್ಳುವುದು. ಹದಿಹರೆಯದ ಮಕ್ಕಳು ಎತ್ತರ ಬೆಳೆಯುತ್ತಿರುವಾಗ ಸ್ನಾಯು ಬಿಗಿಯಾದಂತೆ ಕಾಣುವುದು ಸಾಮಾನ್ಯ. ಅವರಿಗೆ ಒತ್ತಾಯದ ಸ್ಟ್ರೆಚ್ ಮಾಡಿಸಬೇಡಿ. ಬೆಳೆಯುವ ಮೂಳೆಗೆ ಸ್ನಾಯು ಅಂಟಿಕೊಳ್ಳುವ ಜಾಗ ಆಗ ಇನ್ನೂ ಎಳೆಯದು.

ಎಲ್ಲಿ ನಿಲ್ಲಿಸಬೇಕು

ಸ್ನಾಯುವಿನ ನಡುಭಾಗದಲ್ಲಿ ಹರಡಿಕೊಂಡ ಎಳೆತ ಸರಿ. ಕೆಳಗಿನವು ಸರಿಯಲ್ಲ.

ತೊಡೆಸಂದಿನ ಮುಂದೆ ಚಿವುಟಿದಂಥ ನೋವು ಬಂದರೆ ಕೀಲು ಒತ್ತುತ್ತಿದೆ ಅಂತ. ಕೋನ ಬದಲಿಸಿ ನೋಡಿ, ಆದರೂ ಹೋಗದಿದ್ದರೆ ಆ ವ್ಯಾಯಾಮ ಬಿಡಿ. ಕೀಲಿನ ಬಟ್ಟಲಿನ ಆಳ, ದಿಕ್ಕು ಒಬ್ಬೊಬ್ಬರಿಗೆ ಒಂದೊಂದು ಥರ ಇರುತ್ತದೆ. ಪಕ್ಕದವರಿಗೆ ಬಂದ ಭಂಗಿ ನಿಮಗೂ ಬರಲೇಬೇಕೆಂದಿಲ್ಲ.

ಕೂತಾಗ ನೆಲಕ್ಕೆ ತಾಗುವ ಸೀಟಿನ ಮೂಳೆಯ ಹತ್ತಿರ ನೋವಿದ್ದರೆ ಹ್ಯಾಮ್‌ಸ್ಟ್ರಿಂಗ್ ಮೂಳೆಗೆ ಅಂಟಿದ ಜಾಗ ಕೆರಳಿರಬಹುದು. ಅದನ್ನು ಸ್ಟ್ರೆಚ್ ಮಾಡಿ ಸರಿಪಡಿಸಲು ಹೋಗಬೇಡಿ, ಜಾಸ್ತಿಯೇ ಆಗುತ್ತದೆ. ಮಂಡಿಯ ಒಳಬದಿ ನೋಯುತ್ತಿದ್ದರೆ ಒಳತೊಡೆಯ ಸ್ಟ್ರೆಚ್‌ನಲ್ಲಿ ಅಗಲ ಕಮ್ಮಿ ಮಾಡಿ. ಬೆನ್ನಿನಿಂದ ಕಾಲಿಗೆ ಇಳಿಯುವ ನೋವು, ಮರಗಟ್ಟುವುದು, ಅಥವಾ "ಟಪ್" ಅಂತ ಶಬ್ದ ಬಂದು ಆಮೇಲೆ ನೀಲಿಗಟ್ಟುವುದು, ಇವಕ್ಕೆ ಅಭ್ಯಾಸ ನಿಲ್ಲಿಸಿ ಡಾಕ್ಟರ್ ಅಥವಾ ಫಿಸಿಯೋಥೆರಪಿಸ್ಟ್ ಹತ್ತಿರ ಹೋಗಿ.

ಹಂತ 8: ಮತ್ತೆ ಗೋಡೆಗೆ

8 ವಾರ ಆದ ಮೇಲೆ ಹಂತ 1ರ ಅಳತೆಯನ್ನು ಹಾಗೇ ಮಾಡಿ. ಅದೇ ಗೋಡೆ, ಅದೇ ಐದು ನಿಮಿಷದ ಓಡಾಟ, ಹಗಲಿನ ಅದೇ ಹೊತ್ತು. ಬೆಳಿಗ್ಗೆ ಎದ್ದ ಕೂಡಲೇ ಮೈ ಗಟ್ಟಿ ಇರುತ್ತದೆ, ಸಂಜೆ ಸಡಿಲ. ಹೊತ್ತು ಬದಲಾದರೆ ಅಳತೆ ದಾರಿ ತಪ್ಪಿಸುತ್ತದೆ. ಮೇಲಿನ ಗೆರೆ ಅಲ್ಲೇ ಇದ್ದು ಕೆಳಗಿನದು ಅದರ ಹತ್ತಿರ ಹೋಗಿದ್ದರೂ ನಿಮ್ಮ ಕಿಕ್ ಎತ್ತರವಾಗಿರುತ್ತದೆ. ಆಗ ಮುಂದಿನ 8 ವಾರ ಹಂತ 5ಕ್ಕೆ ಸಮಯ ಜಾಸ್ತಿ ಮಾಡಿ. ಒಂದು ಕಾಲು ಇನ್ನೊಂದಕ್ಕಿಂತ ಹಿಂದೆ ಬಿದ್ದಿದ್ದರೆ ಪ್ರತಿ ವ್ಯಾಯಾಮವನ್ನೂ ಆ ಕಾಲಿನಿಂದಲೇ ಶುರು ಮಾಡಿ, ಅದಕ್ಕೆ ಒಂದು ಸುತ್ತು ಜಾಸ್ತಿ ಕೊಡಿ.